ಕಡ್ಡಿ ಫುಲ್ ಇದೆ, ದುಡ್ಡು ಯಾಕೆ ಹೋಗ್ತಿಲ್ಲ?

“ಸಿಗ್ನಲ್ ಫುಲ್ ಇದೆ, ಆದ್ರೆ ನೆಟ್ ಬರ್ತಿಲ್ಲ.” ಮದುವೆ ಛತ್ರ, ಕ್ರಿಕೆಟ್ ಸ್ಟೇಡಿಯಂ, ದಸರಾ ಮೆರವಣಿಗೆಯ ದಿನದ ಮೈಸೂರು, ಹೀಗೆ ಎಲ್ಲಿ ಜನ ಸೇರುತ್ತಾರೋ ಅಲ್ಲಿ ಈ ಮಾತು ಕೇಳಿಸುತ್ತೆ. ಬೆಂಗಳೂರಿನಲ್ಲಿ ನಾನು ಮಾಡೋ ಕೆಲಸ ಟವರ್ ಮತ್ತು ಫೋನ್ ನಡುವಿನ ಮಾತುಕತೆಯ ಲೆಕ್ಕಕ್ಕೆ ಸಂಬಂಧಿಸಿದ್ದು. ಹಾಗಾಗಿ ನೆಂಟರ ಮನೆಗೆ ಹೋದರೆ ಈ ಪ್ರಶ್ನೆ ನನಗೆ ಅಂತಲೇ ಎತ್ತಿಟ್ಟಿರುತ್ತಾರೆ. “ಜನ ಜಾಸ್ತಿ ಇದಾರಲ್ಲ, ಅದಕ್ಕೆ” ಅಂತ ಹೇಳಿ ಕಾಫಿ ಲೋಟ ಕೈಗೆತ್ತಿಕೊಳ್ಳೋದು ನನ್ನ ಅಭ್ಯಾಸ. ಮುಡುಕುತೊರೆಯಲ್ಲಿ ಆ ಉತ್ತರ ನಡೆಯಲಿಲ್ಲ.

ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಮುಡುಕುತೊರೆ ಇರೋದು ತಿ. ನರಸೀಪುರ ತಾಲ್ಲೂಕಿನಲ್ಲಿ, ತಲಕಾಡಿನ ಪಕ್ಕದಲ್ಲೇ. ಮುಡುಕು ಅಂದರೆ ತಿರುವು, ತೊರೆ ಅಂದರೆ ಹೊಳೆ. ಸೋಮಗಿರಿ ಬೆಟ್ಟದ ಮೇಲೆ ಮಲ್ಲಿಕಾರ್ಜುನಸ್ವಾಮಿ, ಕೆಳಗೆ ಕಾವೇರಿ. ತಲಕಾಡಿನ ಪಂಚಲಿಂಗ ದರ್ಶನಕ್ಕೆ ಬಂದವರು ಇಲ್ಲಿಗೂ ಬರಲೇಬೇಕು, ಐದರಲ್ಲಿ ಒಂದು ಲಿಂಗ ಇಲ್ಲಿದೆ. ಆದರೆ ನಮ್ಮ ಸೀಮೆಯ ರೈತರ ಪಾಲಿಗೆ ಮುಡುಕುತೊರೆ ಅಂದರೆ ಮೊದಲು ದನಗಳ ಜಾತ್ರೆ. ಸಂಕ್ರಾಂತಿ ಕಳೆದ ಮೇಲೆ ಹಳ್ಳಿಕಾರ್ ಎತ್ತುಗಳು ಜೋಡಿ ಜೋಡಿಯಾಗಿ ಬಂದು ನಿಲ್ಲುತ್ತವೆ. ಹಲ್ಲು ನೋಡೋದು, ಸುಳಿ ನೋಡೋದು, ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡೋದು.

ನಮ್ಮ ಸೋದರಮಾವ ಒಂದು ಜೋಡಿ ಮಾರಲು ಬಂದಿದ್ದರು. ವ್ಯಾಪಾರ ಕುದುರಿತು. ಕೊಳ್ಳುವವರು ಮುಂಗಡ ಕಳಿಸಲು ಕ್ಯೂಆರ್ ಸ್ಕ್ಯಾನ್ ಮಾಡಿದರು. ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಅವರಿಗೆ ಹಣ ಕಡಿತವಾದ ಮೆಸೇಜ್ ಬಂತು. ಮಾವನಿಗೆ ಬಂದ ಮೆಸೇಜ್ ಇಲ್ಲ. ಜಾತ್ರೆಯಲ್ಲಿ ಒಂದು ಕಟ್ಟಳೆ ಇದೆ: ಮುಂಗಡ ಕೈಗೆ ಬರೋವರೆಗೂ ಹಗ್ಗ ಕೈ ಬದಲಿಸೋ ಹಾಗಿಲ್ಲ. ಒಂದೂಕಾಲು ಗಂಟೆ ಹಗ್ಗ ಮಾವನ ಕೈಯಲ್ಲೇ ಇತ್ತು. ಕೊಳ್ಳುವವರು ದೂರದ ಊರಿನವರು. ಎತ್ತು ಸಾಗಿಸೋ ಗಾಡಿ ಕಾಯ್ತಾ ಇದೆ, ಅಕೌಂಟಿನಲ್ಲಿ ಎರಡನೇ ಸಲ ಕಳಿಸುವಷ್ಟು ದುಡ್ಡಿಲ್ಲ. ಇಬ್ಬರೂ ಒಳ್ಳೆಯವರೇ. ಆದರೂ ಅರ್ಧ ಗಂಟೆ ಆಗೋ ಹೊತ್ತಿಗೆ ಮಾತಿನ ಧಾಟಿ ಬದಲಾಗಿತ್ತು. ಕೊನೆಗೆ ಪಕ್ಕದ ಗುಡಾರದ ಪರಿಚಯದವರಿಂದ ಕೈಗಡ ತಂದು ಕೊಟ್ಟಮೇಲೆ ಹಗ್ಗ ಕೈ ಬದಲಾಯಿತು. ಎರಡೂ ಫೋನಿನಲ್ಲಿ ಕಡ್ಡಿ ಪೂರ್ತಿ ಇತ್ತು. “ಇದೇನ್ ಮಗಾ, ಫುಲ್ ಪಾಯಿಂಟ್ ತೋರುಸ್ತದೆ, ದುಡ್ ಮಾತ್ರ ಹೋಗಾಕಿಲ್ಲ?” ಅಂತ ಮಾವ ಕೇಳಿದರು. ಜನ ಜಾಸ್ತಿ ಅಂದೆ. “ಜನ ಜಾಸ್ತಿ ಆದ್ರೆ ಕಿವಿ ಜಾಸ್ತಿ ಇಡಬೇಕಪ್ಪ” ಅಂದರು.

ಅವರು ಸುಮ್ಮನೆ ಅಂದಿದ್ದು. ಆದರೆ ಕಳೆದ ಮೂವತ್ತು ವರ್ಷದ ವೈರ್‌ಲೆಸ್ ಸಂಶೋಧನೆಯ ದೊಡ್ಡದೊಂದು ಪಾಲು ಅದೇ ಮಾತು. ಕಿವಿ ಜಾಸ್ತಿ ಇಡೋದು, ಅಂದರೆ ಆಂಟೆನಾ ಜಾಸ್ತಿ ಹಾಕೋದು. ಇದಕ್ಕೆ ‘ಮೈಮೋ’ ಅಂತಾರೆ, ಬಹು ಆಂಟೆನಾ ವ್ಯವಸ್ಥೆ. ಆಂಟೆನಾ ಹಾಕೋದು ಸುಲಭ, ಲೋಹದ ತುಂಡು ಅಷ್ಟೇ. ಅಷ್ಟೂ ಕಿವಿಗೆ ಕೇಳಿದ್ದನ್ನು ಬಿಡಿಸಿ ಅರ್ಥ ಮಾಡಿಕೊಳ್ಳೋ ತಲೆ ಬೇಕಲ್ಲ, ಕಷ್ಟ ಅಲ್ಲಿದೆ. ನಮ್ಮ ಬೆಂಗಳೂರಿನಲ್ಲೇ ಆ ತಲೆಯ ಬಗ್ಗೆ ಒಂದು ಒಳ್ಳೆ ಕೆಲಸ ನಡೆದಿದೆ. ಅದನ್ನು ಹೇಳೋಕೇ ಈ ಲೇಖನ.

ಮೊದಲು ಕಡ್ಡಿಯ ವಿಷಯ ಮುಗಿಸಿಬಿಡೋಣ. ಫೋನಿನ ಮೇಲೆ ಕಾಣೋ ಕಡ್ಡಿಗಳು ಹೇಳೋದು ಟವರ್‌ನ ಕೂಗು ನಿಮಗೆ ಎಷ್ಟು ಜೋರಾಗಿ ಕೇಳ್ತಿದೆ ಅನ್ನೋದನ್ನ ಮಾತ್ರ. ನಿಮ್ಮ ಕೂಗು ಟವರ್‌ಗೆ ಕೇಳ್ತಿದೆಯಾ, ನಿಮ್ಮ ಸರದಿ ಯಾವಾಗ ಬರುತ್ತೆ, ಇದ್ಯಾವುದೂ ಅದರಲ್ಲಿಲ್ಲ. ಟವರ್ ಹತ್ತಾರು ವಾಟ್ ಶಕ್ತಿಯಲ್ಲಿ ಕೂಗುತ್ತೆ. ನಿಮ್ಮ ಫೋನ್ ಕೂಗೋದು ಹೆಚ್ಚೆಂದರೆ ಸುಮಾರು 0.2 ವಾಟ್‌ನಲ್ಲಿ. ದೇವಸ್ಥಾನದ ಮೈಕಿಗೂ ದನದ ಸಾಲಿನಲ್ಲಿ ನಿಂತು ಪಿಸುಗುಡೋ ದಲ್ಲಾಳಿಗೂ ಇರೋ ವ್ಯತ್ಯಾಸ ಇದು. ಮೈಕ್ ಎಲ್ಲರಿಗೂ ಕೇಳುತ್ತೆ. ಪಿಸುಮಾತು ಮೈಕಿನವನಿಗೆ ಕೇಳಬೇಕಲ್ಲ!

ಹಳೆಯ ಪದ್ಧತಿಯಲ್ಲಿ ಟವರ್ ಇದಕ್ಕೆ ಮಾಡುತ್ತಿದ್ದ ಉಪಾಯ ಸರದಿ. ಒಬ್ಬೊಬ್ಬರಿಗೆ ಒಂದೊಂದು ಗಳಿಗೆ, ಇಲ್ಲವೇ ಒಂದೊಂದು ಆವರ್ತನದ ತುಂಡು. ಜನ ಹತ್ತು ಪಟ್ಟಾದರೆ ಕಾಯೋದೂ ಹತ್ತು ಪಟ್ಟು. ಬಹು ಆಂಟೆನಾದ ಆಸೆ ಬೇರೆ: ಎಲ್ಲರೂ ಒಂದೇ ಗಳಿಗೆಯಲ್ಲಿ, ಒಂದೇ ಆವರ್ತನದಲ್ಲಿ ಒಟ್ಟಿಗೇ ಮಾತಾಡಲಿ, ಬಿಡಿಸಿಕೊಳ್ಳೋದು ನನ್ನ ಕೆಲಸ!

ಸಂಗಮದ ಕೆಳಗೆ ಎರಡು ಕೊಡ

ಬಿಡಿಸೋದು ಅಂದರೇನು? ನಮ್ಮೂರ ಕಡೆಯ ಉದಾಹರಣೆ ಕೊಡ್ತೀನಿ. ನಂಜನಗೂಡಿನ ಕಡೆಯಿಂದ ಕಪಿಲೆ ಬಂದು ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ. ಸಂಗಮದ ಸ್ವಲ್ಪ ಕೆಳಗೆ ಒಂದು ಕೊಡ ನೀರು ಮೊಗೆದರೆ ಇದರಲ್ಲಿ ಕಾವೇರಿ ಎಷ್ಟು, ಕಪಿಲೆ ಎಷ್ಟು ಅಂತ ಹೇಳೋಕಾಗಲ್ಲ. ಎರಡು ಕೊಡ ಮೊಗೆದರೆ? ಒಂದು ಎಡದಂಡೆಯಿಂದ, ಇನ್ನೊಂದು ಬಲದಂಡೆಯಿಂದ. ಕಪಿಲೆ ಬಂದು ಸೇರೋದು ಬಲಗಡೆಯಿಂದ, ಆದ್ದರಿಂದ ಅಲ್ಲಿ ಅವಳ ಪಾಲು ಹೆಚ್ಚು. ಎರಡು ಕೊಡದ ಬೆರಕೆ ಬೇರೆ ಬೇರೆ ಪ್ರಮಾಣದ್ದಾಗಿದ್ದು, ಆ ಪ್ರಮಾಣ ನಮಗೆ ಮೊದಲೇ ಗೊತ್ತಿದ್ದರೆ, ಹೈಸ್ಕೂಲಿನ ಎರಡು ಸಮೀಕರಣದ ಲೆಕ್ಕ ಇದು. ಎರಡು ಕೊಡವೂ ಒಂದೇ ಜಾಗದ ನೀರಾದರೆ ಲೆಕ್ಕ ಕೆಟ್ಟಿತು. ಅದೇ ಸಮೀಕರಣವನ್ನು ಎರಡು ಸಲ ಬರೆದ ಹಾಗೆ.

ಇಲ್ಲೊಂದು ತಮಾಷೆ ಇದೆ. ಹಳೇ ಕಾಲದಲ್ಲಿ ಮನೆ ಮೇಲೆ ಆಂಟೆನಾ ಹಾಕಿ ದೂರದರ್ಶನ ನೋಡುವಾಗ ಒಬ್ಬ ಹೀರೋ ಹಿಂದೆ ಇನ್ನೊಬ್ಬ ತೆಳು ಹೀರೋ ಕಾಣಿಸ್ತಿದ್ದ, ಅಪ್ಪ-ಅಮ್ಮನನ್ನು ಕೇಳಿ ನೋಡಿ. ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ತಡವಾಗಿ ಬಂದ ತರಂಗ ಅದು. ಎಂಜಿನಿಯರುಗಳು ಅದನ್ನು ಶತ್ರು ಅಂತಲೇ ಕಂಡಿದ್ದರು. ಬಹು ಆಂಟೆನಾಗೆ ಅದೇ ಮಿತ್ರ. ಬೇರೆ ಬೇರೆ ದಾರಿಯಲ್ಲಿ ಬಡಿದು ಬಂದಷ್ಟೂ ಪ್ರತಿ ಆಂಟೆನಾದ ಬೆರಕೆ ಬೇರೆಯಾಗುತ್ತೆ, ಬಿಡಿಸೋಕೆ ಆಗುತ್ತೆ.

ಈ ಯೋಚನೆಗೆ ಮೊದಲು ಪೇಟೆಂಟ್ ಪಡೆದವರಲ್ಲಿ ನಮ್ಮ ದೇಶದವರಿದ್ದಾರೆ. ಆರೋಗ್ಯಸ್ವಾಮಿ ಪೌಲ್‌ರಾಜ್ ಭಾರತೀಯ ನೌಕಾಪಡೆಯಲ್ಲಿದ್ದವರು, ನೀರೊಳಗಿನ ಶಬ್ದ ಹಿಡಿಯೋ ಸೋನಾರ್ ಕಟ್ಟಿದವರು, ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರು. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಹೋದರು. ಅಲ್ಲಿ ಥಾಮಸ್ ಕೈಲಾತ್ ಜೊತೆ ಸೇರಿ ಪಡೆದ ಪೇಟೆಂಟ್ 1994ರದ್ದು. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು. 1996ರಲ್ಲಿ ಬೆಲ್ ಲ್ಯಾಬ್ಸ್‌ನ ಜೆರಾರ್ಡ್ ಫೋಶಿನಿ ಇದನ್ನು ನಿಜವಾಗಿ ಹೇಗೆ ಕಟ್ಟಬಹುದು ಅಂತ ತೋರಿಸಿದರು. ಇವತ್ತು ನಿಮ್ಮ ಮನೆಯ ವೈಫೈ ಡಬ್ಬಿಯ ತಲೆ ಮೇಲೆ ಎರಡೋ ನಾಲ್ಕೋ ಕೊಂಬು ಇರೋದು ಅಲಂಕಾರಕ್ಕಲ್ಲ.

ಈಗ ಲೆಕ್ಕಕ್ಕೆ ಬನ್ನಿ, ಹೆದರಬೇಡಿ, ಕೂಡಿಸೋದು ಕಳೆಯೋದು ಬಂದರೆ ಸಾಕು. ಟವರ್‌ಗೆ ಎರಡು ಆಂಟೆನಾ. ಜಾತ್ರೆಯಲ್ಲಿ ಇಬ್ಬರು ಒಟ್ಟಿಗೆ ಫೋನ್ ಬಳಸುತ್ತಿದ್ದಾರೆ, ಅ ಮತ್ತು ಬ. ಒಬ್ಬೊಬ್ಬರೂ ಕಳಿಸೋದು +1 ಅಥವಾ −1, ಅಷ್ಟೇ. ಮೊದಲ ಆಂಟೆನಾಗೆ ಕೇಳೋದು 3ಅ + 2ಬ. ಎರಡನೆಯದಕ್ಕೆ 2ಅ + ಬ. ಇಬ್ಬರೂ +1 ಕಳಿಸಿದರು ಅಂದುಕೊಳ್ಳಿ. 5 ಮತ್ತು 3 ಕೇಳಬೇಕಿತ್ತು. ಆದರೆ ಗಾಳಿಯಲ್ಲಿ ಗದ್ದಲ ಇರುತ್ತಲ್ಲ, ಕೇಳಿದ್ದು 5.3 ಮತ್ತು 2.6.

ಹೈಸ್ಕೂಲು ದಾರಿಯಲ್ಲಿ ಬಿಡಿಸೋಣ. ಎರಡನೆಯದನ್ನು ದುಪ್ಪಟ್ಟು ಮಾಡಿ: 4ಅ + 2ಬ = 5.2. ಅದರಿಂದ ಮೊದಲನೆಯದನ್ನು ಕಳೆದರೆ ಅ = −0.1. ಸೊನ್ನೆಗಿಂತ ಕಡಿಮೆ, ಹಾಗಾಗಿ ಅ ಕಳಿಸಿದ್ದು −1 ಅಂತ ತೀರ್ಮಾನ. ಬ ಲೆಕ್ಕ ಹಾಕಿದರೆ 2.8, ಅಂದರೆ +1. ಅ ವಿಷಯದಲ್ಲಿ ತಪ್ಪು ಉತ್ತರ ಬಂತು! ಗದ್ದಲ ಇದ್ದಿದ್ದು ಚೂರೇ ಚೂರು, 0.3 ಮತ್ತು 0.4. ಆದರೆ ಕಳೆಯೋ ಭರದಲ್ಲಿ ಆ ಚೂರು ದೊಡ್ಡದಾಗಿಬಿಟ್ಟಿತು. ಎರಡು ಸಮೀಕರಣಗಳು ಒಂದಕ್ಕೊಂದು ಹೋಲುವಾಗ ಯಾವಾಗಲೂ ಆಗೋ ಕಥೆ ಇದು.

ಇನ್ನೊಂದು ದಾರಿ ಇದೆ. ಇಬ್ಬರು ಸೇರಿ ಕಳಿಸಬಹುದಾದದ್ದು ಒಟ್ಟು ನಾಲ್ಕೇ ಥರ. ನಾಲ್ಕನ್ನೂ ಬರೆದಿಟ್ಟುಕೊಳ್ಳಿ: ಇಬ್ಬರೂ +1 ಆದರೆ 5 ಮತ್ತು 3 ಕೇಳಬೇಕು. ಅ ಮಾತ್ರ +1 ಆದರೆ 1 ಮತ್ತು 1. ಬ ಮಾತ್ರ +1 ಆದರೆ −1 ಮತ್ತು −1. ಇಬ್ಬರೂ −1 ಆದರೆ −5 ಮತ್ತು −3. ನಮಗೆ ಕೇಳಿದ್ದು 5.3 ಮತ್ತು 2.6. ಯಾವುದಕ್ಕೆ ಹತ್ತಿರ ಅಂತ ಎಂಟನೇ ಕ್ಲಾಸಿನ ಹುಡುಗನೂ ಹೇಳುತ್ತಾನೆ. ಎಲ್ಲ ಸಾಧ್ಯತೆಯನ್ನೂ ಮುಂದಿಟ್ಟುಕೊಂಡು ಅತಿ ಹತ್ತಿರದ್ದನ್ನು ಆರಿಸೋದು, ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲವೇ ಇಲ್ಲ ಅಂತ ಗಣಿತವೇ ಹೇಳುತ್ತೆ.

ಹಾಗಾದರೆ ಅದನ್ನೇ ಮಾಡಬಹುದಲ್ಲ? ಇಲ್ಲೇ ಎಡವಟ್ಟು. ನಿಜವಾದ 5ಜಿಯಲ್ಲಿ ಒಬ್ಬೊಬ್ಬರೂ +1, −1 ಅಂತ ಎರಡೇ ಥರ ಕಳಿಸಲ್ಲ. 64 ಥರದಲ್ಲಿ ಒಂದನ್ನು ಕಳಿಸೋದು ತೀರಾ ಸಾಮಾನ್ಯ. ನಾಲ್ಕು ಸಾಲು ಒಟ್ಟಿಗೆ ಬಂದರೆ 64 × 64 × 64 × 64, ಅಂದರೆ 1,67,77,216 ಸಾಧ್ಯತೆ. ಒಂದೂಮುಕ್ಕಾಲು ಕೋಟಿಗೆ ಹತ್ತಿರ ಹತ್ತಿರ. ಇದು ಒಂದೇ ಒಂದು ಬೆರಕೆಗೆ! 100 ಮೆಗಾಹರ್ಟ್ಸ್ ಅಗಲದ 5ಜಿ ಪಟ್ಟಿಯಲ್ಲಿ 3,276 ಉಪವಾಹಕಗಳು ಇರುತ್ತವೆ, ಅರ್ಧ ಮಿಲಿಸೆಕೆಂಡಿಗೆ ಪ್ರತಿಯೊಂದರಲ್ಲೂ 14 ಬೆರಕೆ. ಸೆಕೆಂಡಿಗೆ ಒಂಬತ್ತು ಕೋಟಿ ಮೀರುತ್ತೆ. ಒಂಬತ್ತು ಕೋಟಿ ಸಲ, ಪ್ರತಿ ಸಲವೂ ಒಂದೂಮುಕ್ಕಾಲು ಕೋಟಿ ಸಾಧ್ಯತೆ ನೋಡಿ ಅಂದರೆ ಯಾವ ಚಿಪ್ ತಾನೇ ತಡೆಯುತ್ತೆ? ತಡೆದರೂ ನಿಮ್ಮ ಜೇಬು ಸುಡುತ್ತೆ.

ತಡವಾಗಿ ಬಂದ ಸರಿ ಉತ್ತರಕ್ಕೆ ಇಲ್ಲಿ ಬೆಲೆ ಇಲ್ಲ. ಆ ಅರ್ಧ ಮಿಲಿಸೆಕೆಂಡಿನ ತುಂಡು ಮುಗಿಯೋ ಹೊತ್ತಿಗೆ ಮುಂದಿನದು ಬಾಗಿಲಲ್ಲಿ ನಿಂತಿರುತ್ತೆ. ನಮ್ಮ ವೃತ್ತಿಯ ಅರ್ಧ ಜಗಳ ಇದೇ. ಒಂದು ಗುಣಾಕಾರ ಉಳಿಸಿದ್ದಕ್ಕೆ ನಮ್ಮ ಆಫೀಸಿನಲ್ಲಿ ಕೇಕ್ ಕತ್ತರಿಸಿದ್ದೂ ಇದೆ.

ಎತ್ತು ಕಳೆದುಹೋದರೆ ಎಲ್ಲಿ ಹುಡುಕುತ್ತೀರಿ?

ಮಧ್ಯದ ದಾರಿಗಳು ಬಂದವು. ಒಂದು, ಜೋರು ದನಿಯನ್ನು ಮೊದಲು ಗುರುತಿಸಿ ಅದನ್ನು ಬೆರಕೆಯಿಂದ ಕಳೆದು, ಉಳಿದದ್ದರಲ್ಲಿ ಮುಂದಿನ ಜೋರು ದನಿ ಹುಡುಕೋದು. ಬೆಲ್ ಲ್ಯಾಬ್ಸ್‌ನವರು ಹಿಡಿದದ್ದು ಇದನ್ನೇ. ಈರುಳ್ಳಿ ಸುಲಿದ ಹಾಗೆ. ತೊಂದರೆ ಏನಪ್ಪಾ ಅಂದ್ರೆ, ಮೊದಲ ಸಿಪ್ಪೆ ತಪ್ಪಾಗಿ ಸುಲಿದರೆ ಉಳಿದದ್ದೆಲ್ಲ ತಪ್ಪು.

ಎರಡನೆಯದು ನನಗೆ ಹೆಚ್ಚು ಇಷ್ಟ. ಜಾತ್ರೆಯಲ್ಲಿ ಎತ್ತು ಹಗ್ಗ ಕಿತ್ತುಕೊಂಡು ಹೋಯ್ತು ಅಂದುಕೊಳ್ಳಿ. ಇಡೀ ಜಾತ್ರೆ ಹುಡುಕಲ್ಲ ಅಲ್ವಾ? ಕೊನೆಗೆ ಕಂಡ ಜಾಗದ ಸುತ್ತ ಒಂದು ಕಲ್ಲೆಸೆತದ ದೂರದಲ್ಲಿ ಹುಡುಕುತ್ತೀವಿ. ಕೇಳಿದ ಸಂಖ್ಯೆಯ ಸುತ್ತ ಒಂದು ಗೋಲ ಎಳೆದುಕೊಂಡು ಅದರೊಳಗಿನ ಸಾಧ್ಯತೆಗಳನ್ನು ಮಾತ್ರ ನೋಡೋದು, ಹತ್ತಿರದ್ದೊಂದು ಸಿಕ್ಕ ಕೂಡಲೇ ಗೋಲವನ್ನು ಇನ್ನೂ ಚಿಕ್ಕದು ಮಾಡೋದು. ಫಿಂಕೆ ಮತ್ತು ಪೋಸ್ಟ್ ಅನ್ನೋ ಗಣಿತಜ್ಞರು 1985ರಲ್ಲಿ ಬರೆದ, ಫೋನಿಗೆ ಸಂಬಂಧವೇ ಇಲ್ಲದ ಪ್ರಬಂಧದಿಂದ ಬಂದ ಉಪಾಯ ಇದು. 1999ರಲ್ಲಿ ವಿಟೆರ್ಬೊ ಮತ್ತು ಬೂತ್ರೋ ಅದನ್ನು ನಿಸ್ತಂತು ಜಗತ್ತಿಗೆ ಒಗ್ಗಿಸಿದರು. ಉತ್ತರ ಅತ್ಯುತ್ತಮವೇ ಸಿಗುತ್ತೆ, ಶ್ರಮ ಎಷ್ಟೋ ಕಡಿಮೆ. ಆಂಟೆನಾ ನಾಲ್ಕೋ ಎಂಟೋ ಇದ್ದಾಗ ಬೊಂಬಾಟ್. ಅಲ್ಲಿಂದ ಹತ್ತಾರಕ್ಕೆ ಏರಿದರೆ ಗೋಲದೊಳಗೇ ಜಾತ್ರೆ ಸೇರಿಬಿಡುತ್ತೆ.

ನೂರಾರು ಆಂಟೆನಾ ಆದರೆ? 2000ದ ದಶಕದಲ್ಲಿ ಹೆಚ್ಚಿನವರು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಬಿಡಿಸೋಕೆ ಆಗಲ್ಲ ಅಂದಮೇಲೆ ಹಾಕೋದೇಕೆ?

600 ಆಂಟೆನಾ, 2008

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ. ಮೈಸೂರು ಅರಸರು ಕೊಟ್ಟ ಜಾಗದಲ್ಲಿ 1909ರಲ್ಲಿ ಶುರುವಾದದ್ದು. ಅಲ್ಲಿನ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ವಿಭಾಗದ ಎ. ಚೊಕ್ಕಲಿಂಗಂ, ಬಿ. ಸುಂದರ್ ರಾಜನ್ ಮತ್ತು ಅವರ ಜೊತೆಗಿದ್ದ ಕೆ. ವಿಷ್ಣುವರ್ಧನ್, ಸೈಫ್ ಕೆ. ಮೊಹಮ್ಮದ್ ಸೇರಿ 2008ರ ಏಪ್ರಿಲ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. (ಹೌದು, ವಿಷ್ಣುವರ್ಧನ್. ಸಾಹಸಸಿಂಹ ಅಲ್ಲ, ಇವರು ಬೇರೆ.) ಅದರಲ್ಲಿ ಅವರು ಕಂಪ್ಯೂಟರಿನಲ್ಲಿ ಪ್ರಯೋಗಿಸಿ ನೋಡಿದ್ದು 600 ಕಳಿಸೋ ಆಂಟೆನಾ, 600 ಕೇಳೋ ಆಂಟೆನಾ!

ಕಾಲ ನೆನಪಿಸಿಕೊಳ್ಳಿ. ನಮ್ಮಲ್ಲಿ 3ಜಿ ತರಂಗಗಳ ಹರಾಜು ಆಗಿದ್ದೇ 2010ರಲ್ಲಿ. 2008ರಲ್ಲಿ ನಮ್ಮ ಕೈಲಿದ್ದದ್ದು ಗುಂಡಿ ಒತ್ತೋ ಫೋನು. ನಾಲ್ಕು ಸಾಲು ಕಳಿಸಬಲ್ಲ ವೈಫೈ ಮಾನದಂಡಕ್ಕೆ ಅಂತಿಮ ಒಪ್ಪಿಗೆ ಬಿದ್ದದ್ದು 2009ರಲ್ಲಿ. ಆಗ ಇವರು 600 ಅಂತಿದ್ದಾರೆ. 600 ಜನ +1 ಅಥವಾ −1 ಕಳಿಸಿದರೆ ಸಾಧ್ಯತೆಗಳು ಎಷ್ಟು ಗೊತ್ತಾ? 181 ಅಂಕಿಗಳ ಸಂಖ್ಯೆ. ಎಲ್ಲವನ್ನೂ ನೋಡ್ತೀನಿ ಅನ್ನೋ ಮಾತೇ ಇಲ್ಲ.

ಅವರು ಮಾಡಿದ ಉಪಾಯ ಕೇಳಿದರೆ “ಇಷ್ಟೇನಾ?” ಅನ್ನಿಸುತ್ತೆ. ಮೊದಲು ಹೈಸ್ಕೂಲು ದಾರಿಯಲ್ಲೋ ಇನ್ನಾವುದೋ ಅಗ್ಗದ ದಾರಿಯಲ್ಲೋ ಒಂದು ಅಂದಾಜು ಉತ್ತರ ತಗೋ. ತಪ್ಪಿದ್ದರೂ ಪರವಾಗಿಲ್ಲ. ಆಮೇಲೆ ಒಬ್ಬೊಬ್ಬರ ಚಿಹ್ನೆಯನ್ನು ತಿರುಗಿಸಿ ನೋಡು. ಕೇಳಿದ್ದಕ್ಕೆ ಹತ್ತಿರ ಬಂತಾ? ಇಟ್ಟುಕೋ. ದೂರ ಹೋಯಿತಾ? ವಾಪಸ್. ಯಾರನ್ನು ತಿರುಗಿಸಿದರೂ ಇನ್ನು ಹತ್ತಿರ ಬರ್ತಿಲ್ಲ ಅಂದಾಗ ನಿಲ್ಲಿಸು.

ನಮ್ಮ ಪುಟ್ಟ ಲೆಕ್ಕದ ಮೇಲೇ ಇದನ್ನು ಓಡಿಸಿ ನೋಡೋಣ. ಹೈಸ್ಕೂಲು ದಾರಿ ಕೊಟ್ಟ ತಪ್ಪು ಉತ್ತರ: ಅ = −1, ಬ = +1. ಅದು ನಿಜವಾಗಿದ್ದರೆ −1 ಮತ್ತು −1 ಕೇಳಬೇಕಿತ್ತು. ಕೇಳಿದ್ದು 5.3 ಮತ್ತು 2.6. ವ್ಯತ್ಯಾಸಗಳ ವರ್ಗ ಕೂಡಿದರೆ 52.65. ಅ ಚಿಹ್ನೆ ತಿರುಗಿಸಿ: ಈಗ 5 ಮತ್ತು 3, ವ್ಯತ್ಯಾಸ 0.25ಕ್ಕೆ ಇಳಿಯಿತು. ಇಟ್ಟುಕೊಳ್ಳಿ. ಇಲ್ಲಿಂದ ಯಾವುದನ್ನು ತಿರುಗಿಸಿದರೂ ದೂರವೇ ಆಗುತ್ತೆ. ನಿಲ್ಲಿಸಿ. ಸರಿ ಉತ್ತರ ಕೈಯಲ್ಲಿದೆ.

ಮಂಜು ಕವಿದ ಬೆಳಗ್ಗೆ ಸೋಮಗಿರಿ ಹತ್ತಿದ ಹಾಗೆ ಇದು. ಮೆಟ್ಟಿಲು ಬಿಟ್ಟು ಬಂಡೆ ಮೇಲೆ ಹೊರಟಿದ್ದೀರಿ, ಶಿಖರ ಕಾಣ್ತಿಲ್ಲ. ಇಟ್ಟ ಹೆಜ್ಜೆ ಮೇಲಕ್ಕೆ ಹೋದರೆ ಸರಿ, ಇಲ್ಲದಿದ್ದರೆ ಇನ್ನೊಂದು ಕಡೆ ಕಾಲಿಡೋದು. ಅಪಾಯ ಏನು? ಯಾವುದೋ ಗುಂಡುಕಲ್ಲಿನ ತುದಿಗೆ ಹೋಗಿ “ಇದೇ ಶಿಖರ” ಅಂತ ಕೂತುಬಿಡೋದು. ಆಂಟೆನಾ ಕಡಿಮೆ ಇದ್ದಾಗ ಈ ವಿಧಾನಕ್ಕೆ ಆಗೋದೂ ಅದೇ. ಹಾಗಾದರೆ ಆಂಟೆನಾ ಹೆಚ್ಚಾದರೆ ಗುಂಡುಕಲ್ಲುಗಳೂ ಹೆಚ್ಚಿ ಇನ್ನೂ ಕೆಡಬೇಕಲ್ಲ?

ಕೆಡಲಿಲ್ಲ. ಅದು ಉತ್ತಮವಾಯಿತು! ಆ ಪ್ರಬಂಧದಲ್ಲಿ ನನ್ನನ್ನು ಇವತ್ತಿಗೂ ಹಿಡಿದು ನಿಲ್ಲಿಸೋ ಸಂಗತಿ ಇದು. ಆಂಟೆನಾ ನೂರಾರು ಆದಂತೆ, ಈ ಹೆಜ್ಜೆ-ಹೆಜ್ಜೆ ಹುಡುಕಾಟ ಹೆಚ್ಚುಕಡಿಮೆ ಬೇರೆ ಯಾರೂ ಮಾತಾಡದೇ ಇರೋ ಒಬ್ಬಂಟಿ ಜಾಗದಲ್ಲಿ ಒಬ್ಬನೇ ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡಿತು. ಗುಂಪು ದೊಡ್ಡದಾದಷ್ಟೂ ಬಿಡಿಸೋದು ಚೆನ್ನಾಗಿ ಬಂತು. ಒಂದೊಂದು ಬಿಟ್‌ಗೆ ಬೇಕಾಗೋ ಶ್ರಮ ಸರಾಸರಿ ಎರಡೂ ಕಡೆಯ ಆಂಟೆನಾ ಸಂಖ್ಯೆಯ ಗುಣಾಕಾರದಷ್ಟು ಮಾತ್ರ ಬೆಳೆಯುತ್ತೆ. 181 ಅಂಕಿ ಎಲ್ಲಿ, 600 × 600 ಎಲ್ಲಿ? ತಪ್ಪು ತಿದ್ದೋ ಸಂಕೇತವನ್ನೂ ಸೇರಿಸಿದಾಗ, ಸಿದ್ಧಾಂತ ಹೇಳೋ ಗರಿಷ್ಠ ಮಿತಿಗೆ ಸುಮಾರು 4.6 ಡೆಸಿಬೆಲ್ ಹತ್ತಿರಕ್ಕೆ ಬಂದಿತ್ತು.

ಇದರ ಬೇರು ಇನ್ನೂ ವಿಚಿತ್ರವಾದ ಕಡೆ ಇದೆ: ಮಸುಕಾದ ಚಿತ್ರಗಳನ್ನು ತಿಳಿ ಮಾಡಲು ಬಳಸುತ್ತಿದ್ದ ಹಾಪ್‌ಫೀಲ್ಡ್ ಜಾಲ ಅನ್ನೋ ನರಜಾಲ ಮಾದರಿ. ಆ ಜಾನ್ ಹಾಪ್‌ಫೀಲ್ಡ್ ಅವರಿಗೇ 2024ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು. ಎಐ ಅಂತ ಈಗ ಕುಣಿಯೋ ನಾವು, ಅದೇ ಬಳಗದ ಒಂದು ಯೋಚನೆಯನ್ನು ಹದಿನೇಳು-ಹದಿನೆಂಟು ವರ್ಷದ ಹಿಂದೆಯೇ ಬೆಂಗಳೂರಿನಲ್ಲಿ ಸಿಗ್ನಲ್ ಬಿಡಿಸೋಕೆ ಹಚ್ಚಿದ್ದರು ಅನ್ನೋದನ್ನ ಮರೆತಿದ್ದೇವೆ. ಚೊಕ್ಕಲಿಂಗಂ ಮತ್ತು ಸುಂದರ್ ರಾಜನ್ 2014ರಲ್ಲಿ ಈ ವಿಷಯದ ಮೇಲೆ ಬರೆದ ದೊಡ್ಡ ಪುಸ್ತಕವನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದಿದೆ.

ಮಿತಿಗಳೂ ಇವೆ. 600ರ ಫಲಿತಾಂಶ ಬಂದದ್ದು ಕಂಪ್ಯೂಟರಿನಲ್ಲಿ, ಟವರ್ ಮೇಲಲ್ಲ. +1, −1ರಂಥ ಸರಳ ಸಂಕೇತಕ್ಕೆ ಚೆನ್ನಾಗಿ ದುಡಿಯೋ ವಿಧಾನ, 64 ಥರದ ಸಂಕೇತ ಬಂದಾಗ ಸುಸ್ತಾಗುತ್ತೆ, ಗುಂಡುಕಲ್ಲಿಗೆ ಹೆಚ್ಚು ಸಿಕ್ಕಿಕೊಳ್ಳುತ್ತೆ. ಅದಕ್ಕೆ ಅದೇ ತಂಡ ಮುಂದೆ ಒಂದಿಷ್ಟು ಹೆಜ್ಜೆ ಬೇಕೆಂತಲೇ ಕೆಳಗಿಳಿದು ಮತ್ತೆ ಹತ್ತೋ, ಈಗಾಗಲೇ ತುಳಿದ ಜಾಗಕ್ಕೆ ಕೂಡಲೇ ವಾಪಸ್ ಹೋಗದಂತೆ ತನಗೇ ತಡೆ ಹಾಕಿಕೊಳ್ಳೋ ವಿಧಾನಗಳನ್ನು ಪ್ರಯತ್ನಿಸಿತು.

ಕಂಪನಿಗಳು ಹಿಡಿದ ಸುಲಭದ ದಾರಿ

2010ರಲ್ಲಿ ಬೆಲ್ ಲ್ಯಾಬ್ಸ್‌ನ ಥಾಮಸ್ ಮಾರ್ಜೆಟ್ಟಾ ಬೇರೆಯದೇ ಮಾತು ಹೇಳಿದರು. ಟವರ್‌ನಲ್ಲಿ ಆಂಟೆನಾ ಬಳಕೆದಾರರಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದರೆ ಬಿಡಿಸೋ ಕಷ್ಟವೇ ಕರಗಿಹೋಗುತ್ತೆ. ಎರಡು ನದಿಗೆ ಎರಡೇ ಕೊಡ ಇದ್ದರೆ ಲೆಕ್ಕ ಬಿಗಿ. ನೂರು ಕೊಡ ಇದ್ದರೆ? ಗದ್ದಲ ಒಂದಕ್ಕೊಂದು ವಜಾ ಆಗಿ, ಹೈಸ್ಕೂಲು ದಾರಿಯೇ ಸಾಕಾಗುತ್ತೆ. ಕಂಪನಿಗಳಿಗೆ ಇದು ಹಿಡಿಸಿತು. 2022ರ ಅಕ್ಟೋಬರ್ 1ರಂದು ನಮ್ಮ ದೇಶದಲ್ಲಿ 5ಜಿ ಶುರುವಾದ ಮೇಲೆ ನಗರಗಳ ಟವರ್‌ಗಳ ಮೇಲೆ ಚಪ್ಪಟೆ ಪೆಟ್ಟಿಗೆಗಳು ಬಂದಿವೆ, ಗಮನಿಸಿದ್ದೀರಾ? ಅವುಗಳಲ್ಲಿ ಅನೇಕವು 64 ಕಳಿಸೋ, 64 ಕೇಳೋ ದಾರಿಗಳಿರುವಂಥವು. ಒಂದು ಗಳಿಗೆಯಲ್ಲಿ ಅವು ಬಿಡಿಸೋ ಸಾಲುಗಳು ಅದಕ್ಕಿಂತ ತುಂಬಾ ಕಡಿಮೆ. ಐಷಾರಾಮಿ ಲೆಕ್ಕ. ಕಿವಿ 64, ಮಾತಾಡೋರು ಹತ್ತು-ಹದಿನೈದು.

ಬೆಂಗಳೂರಿನ ಟೆಕ್ ಪಾರ್ಕಿಗೆ ಈ ಲೆಕ್ಕ ಸರಿ. ದಿನಾ ಜನ ಇರ್ತಾರೆ, ದಿನಾ ಡೇಟಾ ಕೊಳ್ಳುತ್ತಾರೆ, ಪೆಟ್ಟಿಗೆಯ ಬೆಲೆ ಹುಟ್ಟುತ್ತೆ. ವರ್ಷದಲ್ಲಿ ಕೆಲವೇ ದಿನ ತುಂಬಿ ತುಳುಕಿ, ಉಳಿದ ದಿನ ಹೊಳೆ ಸದ್ದು ಮಾತ್ರ ಕೇಳೋ ಊರಿಗೆ? ಅಲ್ಲಿಗೆ ಅಂಥ ಪೆಟ್ಟಿಗೆ ಹಾಕೋದು ಯಾವ ಕಂಪನಿಗೂ ಗಿಟ್ಟಲ್ಲ. ಹೆಚ್ಚಂದ್ರೆ ಜಾತ್ರೆ ದಿನಗಳಿಗೆ ಲಾರಿ ಮೇಲೆ ತಾತ್ಕಾಲಿಕ ಟವರ್ ತಂದು ನಿಲ್ಲಿಸಬಹುದು, ದೊಡ್ಡ ಮೇಳಗಳಲ್ಲಿ ಹಾಗೆ ಮಾಡೋದುಂಟು. ಹಳ್ಳಿ ಕಡೆ ಕಿವಿ ಕಡಿಮೆ ಇರುತ್ತೆ, ಜಾತ್ರೆ ದಿನ ಮಾತಾಡೋರು ಮಾತ್ರ ಸಾವಿರಾರು. ಅದರ ಮೇಲೆ ಬಯಲು ಜಾಗ, ತರಂಗ ಬಡಿದು ಬರಲು ಕಟ್ಟಡಗಳಿಲ್ಲ. ಭುಜಕ್ಕೆ ಭುಜ ತಾಗಿಸಿ ನಿಂತ ಇಬ್ಬರ ಬೆರಕೆ ಟವರ್‌ಗೆ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತೆ. ನಮ್ಮ 3, 2 ಮತ್ತು 2, 1ರ ಲೆಕ್ಕದ ಹಾಗೆ, ಚೂರು ಗದ್ದಲಕ್ಕೂ ಹೈಸ್ಕೂಲು ದಾರಿ ಮುಗ್ಗರಿಸೋ ಜಾಗ ಅದು. ಒಂದು ಸಲ ಮುಗ್ಗರಿಸಿದರೆ ಫೋನ್ ಅದನ್ನೇ ಮತ್ತೆ ಕಳಿಸಬೇಕು. ಮತ್ತೆ ಕಳಿಸಿದ್ದರಿಂದ ಗದ್ದಲ ಇನ್ನೂ ಹೆಚ್ಚು. ಹಣ ಹೋಯಿತೋ ಇಲ್ಲವೋ ಅಂತ ಆತಂಕದಲ್ಲಿ ಎಲ್ಲರೂ ಹತ್ತತ್ತು ಸಲ ಸ್ಕ್ರೀನ್ ಎಳೆದು ರಿಫ್ರೆಶ್ ಮಾಡೋದು ಬೇರೆ!

ಅದಕ್ಕೇ ಬೆಂಗಳೂರಿನ ಆ ಹೆಜ್ಜೆ-ಹೆಜ್ಜೆ ಹುಡುಕಾಟದಂಥ ವಿಧಾನಗಳು ಹಳೆಯದಾಗಿಲ್ಲ ಅಂತ ನನ್ನ ಅಭಿಪ್ರಾಯ. ಕಿವಿಗಳಷ್ಟೇ ಬಾಯಿಗಳಿರೋ ಜಾಗಕ್ಕೆ ಅಂತಲೇ ಹುಟ್ಟಿದವು ಅವು. ದುಬಾರಿ ಪೆಟ್ಟಿಗೆಯ ಬದಲು ಚುರುಕು ಲೆಕ್ಕ. ಲೆಕ್ಕ ಕಡಿಮೆ ಅಂದರೆ ಕರೆಂಟ್ ಕಡಿಮೆ. ಕರೆಂಟ್ ಹೋದಾಗ ಬ್ಯಾಟರಿ ಮೇಲೆ ನಿಲ್ಲೋ ಹಳ್ಳಿ ಟವರ್‌ಗೆ ಅದು ಸಣ್ಣ ಮಾತಲ್ಲ. ನಮ್ಮ ಪ್ರಯೋಗಶಾಲೆಗಳಲ್ಲಿ ಹೊಸ ವಿಧಾನವನ್ನು ಪರೀಕ್ಷಿಸಲು ನಗರದ ರಸ್ತೆ, ಶಾಪಿಂಗ್ ಮಾಲ್, ರೈಲು ಅಂತ ಮಾದರಿಗಳಿವೆ. ದನದ ಜಾತ್ರೆ ಅಂತ ಒಂದು ಇಲ್ಲ. ಮೀಟಿಂಗಿನಲ್ಲಿ ಹೇಳಿದರೆ ನಗ್ತಾರೆ, ಆದರೂ ಹೇಳ್ತಿದ್ದೀನಿ.

ಇಷ್ಟು ಓದಿದವರಲ್ಲಿ ಜಾಣರೊಬ್ಬರು ಕೇಳಬಹುದು: ಆ 3, 2, 2, 1 ಅನ್ನೋ ಪ್ರಮಾಣ ಟವರ್‌ಗೆ ಹೇಗೆ ಗೊತ್ತು? ಒಳ್ಳೇ ಪ್ರಶ್ನೆ. ಪ್ರತಿ ಫೋನೂ ಆಗಾಗ, ಇಬ್ಬರಿಗೂ ಮೊದಲೇ ಗೊತ್ತಿರೋ ಒಂದು ಗುರುತಿನ ಸಂಕೇತ ಕಳಿಸುತ್ತೆ. ಅದು ಹೇಗೆ ಕೇಳಿತು ಅನ್ನೋದರಿಂದ ಟವರ್ ಪ್ರಮಾಣ ಅಳೆಯುತ್ತೆ. ಜನ ಹೆಚ್ಚಾದಂತೆ ಈ ಗುರುತುಗಳಿಗೇ ಜಾಗ ಸಾಲದಾಗುತ್ತೆ, ಮತ್ತು ಅಳತೆ ಬೇಗ ಹಳಸುತ್ತೆ. ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗೋ ಕಾರಿನ ಫೋನಿಗೆ, 5ಜಿಯ 3.5 ಗಿಗಾಹರ್ಟ್ಸ್ ಸುಮಾರಿನಲ್ಲಿ, ಒಂದೆರಡು ಮಿಲಿಸೆಕೆಂಡಿನಲ್ಲೇ ಅಳತೆ ಹಳೆಯದಾಗಿಬಿಡುತ್ತೆ. ನಡೆದಾಡೋ ಮನುಷ್ಯನಿಗೆ ಮೂವತ್ತು-ನಲವತ್ತು ಮಿಲಿಸೆಕೆಂಡ್ ಬಾಳುತ್ತೆ. ಹಗ್ಗ ಹಿಡಿದು ಎತ್ತಿನ ಪಕ್ಕ ಅಲುಗಾಡದೆ ನಿಂತವರಿಗೆ ಇನ್ನೂ ಹೆಚ್ಚು. ಜಾತ್ರೆಗೆ ಇರೋ ಅನುಕೂಲ ಇದೊಂದು: ಅಲ್ಲಿ ಯಾರಿಗೂ ಓಡೋ ಅವಸರ ಇರಲ್ಲ, ಬಿಡಿಸೋ ಲೆಕ್ಕಕ್ಕೆ ಸ್ವಲ್ಪ ಸಮಯ ಸಿಗುತ್ತೆ.